ಜೇಡದ ಹಾಡು ಕಟ್ಟಿದ ಬಸ್ಮೀನಾ

ನಮ್ಮ ಕಡೆ ಟಪ್ಪಾ ಎಂಬ ಹಾಡನ್ನು ಯಾರು ಕಟ್ಟಿದರು ಎಂದು ಕೇಳುವ ವಾಡಿಕೆಯಿಲ್ಲ. ಇರುವುದೇ ಎರಡು ಸಾಲು. ಮೊದಲನೆಯದು ಗಿಡ್ಡ, ಎರಡನೆಯದು ಉದ್ದ. ಹಿಟ್ಟು ಬೀಸುವಾಗಲೋ, ಜೋಳದ ತೆನೆ ಸುಲಿಯುವಾಗಲೋ, ಹೆಣದ ಸುತ್ತ ಕೂತಾಗಲೋ ಯಾವಳೋ ಒಬ್ಬಳ ಬಾಯಿಂದ ಅದು ಉದುರುತ್ತದೆ. ಪಕ್ಕದವಳು ಎತ್ತಿಕೊಳ್ಳುತ್ತಾಳೆ. ಸಂಜೆಯ ಹೊತ್ತಿಗೆ ಅದು ಊರಿನದಾಗಿರುತ್ತದೆ. ಹೆಂಗಸಿನ ಹೆಸರು ಪರಗಂಡಸರ ಬಾಯಲ್ಲಿ ಬರಬಾರದೆನ್ನುವ ನಾಡಿನಲ್ಲಿ ಹೆಂಗಸಿನ ಹಾಡು ಮಾತ್ರ ಯಾರ ಅಪ್ಪಣೆಯೂ ಇಲ್ಲದೆ ಹಾದಿಬೀದಿ ಸುತ್ತುತ್ತದೆ. ಹಾಗಾಗಿ ಬಸ್ಮೀನಾ ಎಂಬ ಹೆಸರನ್ನು ದೀರ್ ಸೀಮೆಯಲ್ಲೇ ಬಹಳ ಜನ ಕೇಳಿಲ್ಲ. ಅವಳ ಹಾಡನ್ನು ಪೇಶಾವರದ ಬಸ್ಸುಗಳಲ್ಲೂ ಕೇಳಿದವರಿದ್ದಾರೆ.

ನಾನು ಬರ್‌ಕಲೇಗೆ ಸೊಸೆಯಾಗಿ ಬಂದಾಗ ಅವಳು ಪಕ್ಕದ ಮನೆಯವಳು. ನಡುವೆ ಒಂದು ಮಣ್ಣಿನ ಗೋಡೆ. ಗೋಡೆಯಲ್ಲಿ ಕೆಂಡವನ್ನೋ ಹೆಪ್ಪಿನ ಮೊಸರನ್ನೋ ದಾಟಿಸುವಷ್ಟು ಕಿಂಡಿ. ಗಂಡ ಚಿಕ್ಕಪ್ಪನ ಮಗನೇ ಆಗಿದ್ದರಿಂದ ಅವಳಿಗೆ ತವರೂ ಗಂಡನ ಮನೆಯೂ ಒಂದೇ ಅಂಗಳ. ಅವನು ಕರಾಚಿಯ ಬಂದರಿನಲ್ಲಿ ಮೂಟೆ ಹೊರುತ್ತಿದ್ದ, ಈದ್‌ಗೊಮ್ಮೆ ಬಂದರೆ ಬಂದ. ಮನೆಯಲ್ಲಿ ಅಣ್ಣ ಜಹಾನ್‌ದಾದ್, ತಮ್ಮ ಅಜ್ಮೀರ್, ಅವರ ಹೆಂಡಿರು ಮಕ್ಕಳು. ನನ್ನ ರೊಟ್ಟಿ ದಪ್ಪ ಎಂದು ನಮ್ಮ ಅತ್ತೆ ಗೊಣಗಿದ ಮೊದಲ ವಾರವೇ ಕಿಂಡಿಯಾಚೆಯಿಂದ ಒಂದು ಟಪ್ಪಾ ಬಂತು: ಸೊಸೆಯ ರೊಟ್ಟಿ ದಪ್ಪವಾದರೇನು, ಅತ್ತೆಯ ನಾಲಿಗೆ ಹರಿತವಾಗಿಯೇ ಇದೆ, ಕೊಯ್ದುಕೊಂಡು ತಿನ್ನಲಿ ಎಂದು. ಮೊದಲು ನಕ್ಕದ್ದು ಅತ್ತೆಯೇ. ಅಂಥ ಬಾಯಿ ಬಸ್ಮೀನಾಳದು. ಎತ್ತರದ ಆಳು, ಅಗಲ ಅಂಗೈ, ಮಾತಿಗೆ ಮುಂಚೆ ಹುಬ್ಬು ಕುಣಿಯುತ್ತಿತ್ತು. ಅವಳಿಲ್ಲದ ಮದುವೆಗೆ ಉಪ್ಪಿಲ್ಲ ಎನ್ನುತ್ತಿದ್ದರು.

ನಮ್ಮದು ಮೇಲಿನ ಊರು, ಕೆಳಗಿನದು ಕೂಜ್‌ಕಲೇ. ಬೆಟ್ಟದಿಂದ ಇಳಿಯುವ ಒಂದೇ ಕಾಲುವೆ ಎರಡೂ ಊರಿಗೆ. ಬೇಸಿಗೆಯಲ್ಲಿ ನೀರು ಸಣ್ಣಗಾದರೆ ಸರದಿ. ಆ ವರ್ಷ ಜೋಳ ಹಾಲುಗಟ್ಟುವ ಸಮಯದಲ್ಲಿ ಕೆಳಗಿನವರ ಸರದಿಯ ದಿನ ನೀರು ಅವರ ಹೊಲ ಮುಟ್ಟಲಿಲ್ಲ. ಅಲ್ಲಿಯ ಗುಲ್‌ರೋಜ್ ಎಂಬವನು ಏಕೆಂದು ನೋಡಲು ಹತ್ತಿ ಬಂದ. ಜಹಾನ್‌ದಾದ್ ಮಣ್ಣಿನ ಮಡೆ ಕಟ್ಟಿ ನೀರನ್ನು ತನ್ನ ಹೊಲಕ್ಕೆ ತಿರುಗಿಸಿಕೊಂಡು ನಿಂತಿದ್ದ. ತಪ್ಪು ನಮ್ಮವನದೇ ಎಂದು ಈಗ ಎಲ್ಲರೂ ಒಪ್ಪುತ್ತಾರೆ, ಆಗ ಒಪ್ಪಿದವರಿಲ್ಲ. ಮಾತಿಗೆ ಮಾತು ಬೆಳೆಯಿತು. ಇವನು ಸನಿಕೆ ಎತ್ತಿದ, ಅವನು ಹೆಗಲಿನ ಕೋವಿ ಇಳಿಸಿದ. ಜಹಾನ್‌ದಾದ್ ಬಿದ್ದದ್ದು ಕಾಲುವೆಯೊಳಕ್ಕೇ, ಮಡೆ ಒಡೆದು ನೀರು ಕೆಳಗೆ ಹರಿಯಿತು. ಕೂಜ್‌ಕಲೇಯಲ್ಲಿ ಪಾತ್ರೆ ತೊಳೆಯುತ್ತಿದ್ದ ಹೆಂಗಸರು ಸುದ್ದಿ ಬರುವ ಮುಂಚೆಯೇ ನೀರು ನೋಡಿ ಎದ್ದು ನಿಂತರಂತೆ.

ಗುಲ್‌ರೋಜ್ ಬೆಟ್ಟ ದಾಟಿ ತಲೆಮರೆಸಿಕೊಂಡ. ನಾವು ಹೆಣದ ಮಂಚದ ಸುತ್ತ ಕೂತೆವು. ಹೆಂಗಸರು ಒಬ್ಬೊಬ್ಬರಾಗಿ ಹಾಡಿ ಅಳುತ್ತಿದ್ದರು. ಬಸ್ಮೀನಾ ಹೊದಿಸಲು ಬಿಳಿ ಬಟ್ಟೆ ತರಲು ಒಳಗೆ ಹೋದವಳು ಬಾಗಿಲಲ್ಲೇ ನಿಂತು ದನಿಯೆತ್ತಿದಳು:

ಕಾಲುವೆ ನೀರು ಕೆಂಪಾಯಿತು,
ತಮ್ಮನ ಕೋವಿಗೆ ಜೇಡ ಬಲೆ ಕಟ್ಟಿತು.

 ಆಮೇಲೆ ಇಡೀ ಮನೆ ಅದನ್ನೇ ಹಾಡಿಕೊಂಡು ಅತ್ತಿತು. ಗೋಡೆಯ ಮೇಲೆ ತೂಗುಹಾಕಿದ್ದ ಅಪ್ಪನ ಕಾಲದ ಕೋವಿಯ ಬಾಯಿಗೆ ನಿಜಕ್ಕೂ ಜೇಡ ಬಲೆ ಕಟ್ಟಿತ್ತೆಂದು, ಕಣ್ಣಿಗೆ ಬಿದ್ದದ್ದನ್ನು ನಾಲಿಗೆ ಆಡಿತೆಂದು ಅವಳು ಬಹಳ ವರ್ಷಗಳ ಮೇಲೆ ನನಗೆ ಹೇಳಿದಳು. ಅಂಗಳದಾಚೆ ಗಂಡಸರ ನಡುವೆ ತಮ್ಮ ಅಜ್ಮೀರ್ ಕೂತಿದ್ದ. ಅವನಿಗೆ ಕೇಳಿಸಿತು.

ಅಜ್ಮೀರ್ ದರ್ಜಿ. ಬಜಾರಿನಲ್ಲಿ ಅವನದೊಂದು ಹೊಲಿಗೆ ಯಂತ್ರ, ಒಂದು ಬೆಂಚು. ಸೂಜಿಗೆ ದಾರ ಪೋಣಿಸುವಾಗಲೂ ದೇವರ ಹೆಸರು ಹೇಳುವಂಥ ಮೆತ್ತನೆಯ ಮನುಷ್ಯ. ಮಕ್ಕಳಿಗೆ ಉಳಿದ ಚೂರುಬಟ್ಟೆಯಲ್ಲಿ ಟೊಪ್ಪಿ ಹೊಲಿದುಕೊಡುತ್ತಿದ್ದ. ಅಣ್ಣನನ್ನು ಮಣ್ಣು ಮಾಡಿ ಬಂದು ಕೆಲವು ದಿನದಲ್ಲಿ ಅಂಗಡಿ ತೆರೆದ. ಸೇಡು ಸರ್ಕಾರ ನೋಡಿಕೊಳ್ಳಲಿ, ಇಲ್ಲವೇ ಹಿರಿಯರ ಜಿರ್ಗಾ ಕೂತು ತೀರ್ಮಾನಿಸಲಿ ಎಂದು ಮನೆಯಲ್ಲಿ ಹೇಳಿದನಂತೆ. ಹಾಗೇ ಆಗಬಹುದಿತ್ತು, ಆ ಹಾಡು ಇಲ್ಲದಿದ್ದರೆ.

ಹಾಡು ನೀರಿಗೆ ಬಂದವರ ಕೊಡದಲ್ಲಿ ಪಕ್ಕದೂರಿಗೆ ಹೋಯಿತು. ಅಲ್ಲಿಂದ ಗಂಡಸರು ಸೇರಿ ಕೂರುವ ಹುಜ್ರಾದ ಕಟ್ಟೆಗೆ ಏರಿತು. ಬಜಾರಿನಲ್ಲಿ ರಬಾಬ್ ನುಡಿಸುವ ಒಬ್ಬ ಅದನ್ನು ಮದುವೆಯೊಂದರಲ್ಲಿ ಹಾಡಿದ. ಯಾರೋ ಕ್ಯಾಸೆಟ್ಟಿಗೆ ತುಂಬಿದರು. ಆಗತಾನೆ ಬಸ್ಸುಗಳಲ್ಲಿ ಟೇಪ್ ರೆಕಾರ್ಡರ್ ಬಂದಿದ್ದ ಕಾಲ. ತಮ್ಮನ ಕೋವಿಗೆ ಜೇಡ ಎನ್ನುವಾಗ ಡ್ರೈವರು ದನಿ ಜೋರು ಮಾಡುತ್ತಿದ್ದ. ಪರವೂರಿನ ಹೆಂಗಸೊಬ್ಬಳ ಬಾಯಲ್ಲಿ ತನ್ನ ಹಾಡು ಮೊದಲ ಸಲ ಕೇಳಿದಾಗ ಬಸ್ಮೀನಾಳ ಮುಖ ಒಂದಿಷ್ಟು ಅರಳಿದ್ದನ್ನು ನಾನೇ ನೋಡಿದ್ದೇನೆ.

ಅಜ್ಮೀರನ ಅಂಗಡಿಗೆ ಬಟ್ಟೆ ಕೊಡಲು ಬಂದವರು ಅಳತೆ ಕೊಡುತ್ತ, ತಲೆ ಎತ್ತದೆ, "ಮಾಸ್ತರೇ, ಜೇಡ ಕ್ಷೇಮ ತಾನೆ?" ಎಂದು ಕೇಳತೊಡಗಿದರು. ಕ್ಷೌರದವನು ಕನ್ನಡಿ ಹಿಡಿದು, ಕಿವಿಯ ಹಿಂದೆ ಬಲೆ ಏನೂ ಇಲ್ಲ ಬಿಡಿ ಎಂದ. ಮಸೀದಿಯಲ್ಲಿ ಪಕ್ಕದಲ್ಲಿ ಕೂತವರು ಸ್ವಲ್ಪ ಸರಿದು ಕೂರುತ್ತಿದ್ದರು. ನಮ್ಮಲ್ಲಿ ಗುಂಡಿನೇಟು ತಿಂದು ಬದುಕಬಹುದು, ಮೂದಲೆ ತಿಂದು ಬದುಕುವುದು ಕಷ್ಟ. ಅವನು ಅನ್ನ ಬಿಟ್ಟ. ಅಕ್ಕನೊಡನೆ ಮಾತು ಬಿಟ್ಟ. ಜೋಳ ಕೊಯ್ದು, ಕಣ ಖಾಲಿಯಾದ ಮೇಲೆ, ಒಂದು ಬೆಳಿಗ್ಗೆ ಕೋವಿಯನ್ನು ಬಟ್ಟೆಯ ಥಾನಿನಲ್ಲಿ ಸುತ್ತಿಕೊಂಡು ಎಂದಿನಂತೆ ಅಂಗಡಿಗೆ ಹೊರಟ.

ಗುಲ್‌ರೋಜ್ ಸಿಗಲಿಲ್ಲ. ಸಿಕ್ಕವನು ಅವನ ತಮ್ಮ ಸಾಹಿಬ್‌ಜರ್. ಕರಾಚಿಯ ಬಟ್ಟೆ ಗಿರಣಿಯಲ್ಲಿ ಕೆಲಸಕ್ಕಿದ್ದ ಹುಡುಗ, ಈದ್‌ಗೆಂದು ಊರಿಗೆ ಬರುತ್ತಿದ್ದ. ಕಾಲುವೆಯ ಜಗಳವಾದಾಗ ಅವನು ಈ ಸೀಮೆಯಲ್ಲೇ ಇರಲಿಲ್ಲ. ಸೇತುವೆಯ ಹತ್ತಿರ ಬಸ್ಸಿನಿಂದಿಳಿದು, ಮೇಲಿನಿಂದ ಟ್ರಂಕು ಇಳಿಸಿಕೊಳ್ಳಲು ಕೈ ಎತ್ತಿದ್ದನಂತೆ. ಕೈ ಎತ್ತಿದ ಹಾಗೆಯೇ ಬಿದ್ದ.

ಬಸ್ಮೀನಾ ಅಂಗಳದಲ್ಲಿ ಹಿಟ್ಟು ಕಲಸುತ್ತಿದ್ದಳು. ನಾನು ಕಿಂಡಿಯ ಈಚೆ ಇದ್ದೆ. ಅಜ್ಮೀರ್ ಒಳಗೆ ಬಂದು ಕೋವಿಯನ್ನು ಅವಳ ಹಿಟ್ಟಿನ ಪರಾತದ ಪಕ್ಕದಲ್ಲೇ ಇಟ್ಟ.

"ಅಕ್ಕಾ, ಬಲೆ ತೆಗೆದೆ" ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

ಅವಳು ಹಿಟ್ಟಿನ ಕೈಯಲ್ಲೇ ಎದ್ದು ನಿಂತಳು. ಯಾರನ್ನು ಎಂದು ಕೇಳಿದಳು. ಅವನು ಹೇಳಿದ. ಆ ಹಿಟ್ಟನ್ನು ಯಾರೂ ರೊಟ್ಟಿ ಮಾಡಲಿಲ್ಲ, ದನಕ್ಕೆ ಹಾಕಿದೆವು.

ಪೊಲೀಸರು ಬಂದರು, ಹೋದರು. ಕಣ್ಣಾರೆ ಕಂಡೆ ಎನ್ನಲು ಯಾರೂ ಮುಂದೆ ಬರಲಿಲ್ಲ. ಇಂಥ ಲೆಕ್ಕವನ್ನು ಠಾಣೆಗೆ ಒಯ್ಯುವುದು ನಮ್ಮಲ್ಲಿ ಮರ್ಯಾದೆಯಲ್ಲ. ಈಗ ಸೇಡಿನ ಸರದಿ ಕೆಳಗಿನವರದು. ಅಜ್ಮೀರ್ ಮನೆಯೊಳಗೆ ಸೇರಿದ. ಬೀದಿ ಕಡೆಯ ಕಿಟಕಿಗೆ ಕಲ್ಲು ಕಟ್ಟಿದರು. ಹೊಲಿಗೆ ಯಂತ್ರ ಬಜಾರಿನಿಂದ ಒಳಕೋಣೆಗೆ ಬಂತು; ಹೆಂಗಸರ ಬಟ್ಟೆ ಹೊಲಿಯುತ್ತ ಅಲ್ಲೇ ಉಳಿದ. ಒಳ್ಳೆಯ ಬಿಸಿಲಿದ್ದ ದಿನವೂ ಲಾಟೀನು ಬೇಕಿತ್ತು. ಅಪ್ಪನನ್ನು ಹೊರಗೆ ಕಂಡೇ ಇರದ ಅವನ ಮಗಳು ಪಲ್ವಶಾ, ಬೇರೆ ಮಕ್ಕಳ ಅಪ್ಪಂದಿರು ಹಾದಿಯಲ್ಲಿ ನಡೆದು ಹೋಗುವುದನ್ನು ಬೆರಗಿನಿಂದ ನೋಡುತ್ತಿದ್ದಳು.

ಬಸ್ಮೀನಾ ಹಾಡು ಬಿಟ್ಟಳು. ಮದುವೆಗೆ ಕರೆದರೆ ಹೋಗುತ್ತಿದ್ದಳು, ರೊಟ್ಟಿ ತಟ್ಟುತ್ತಿದ್ದಳು, ಬರುತ್ತಿದ್ದಳು. ಗಂಟಲಿಗೆ ಏನೋ ಆಗಿದೆ ಎಂದು ಜನ ಅಂದುಕೊಂಡರು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎನ್ನುತ್ತಾರಲ್ಲ; ಅವಳ ಮಾತು ಮಾತ್ರ ಹೋಗದೆ ಅವಳ ಸುತ್ತಲೇ ತಿರುಗುತ್ತಿತ್ತು. ಬಸ್ಸು ನಮ್ಮ ಕೆಳಗಿನ ರಸ್ತೆಯಲ್ಲಿ ಹಾದಾಗಲೆಲ್ಲ ಅದು ಕೇಳುತ್ತಿತ್ತು. ಆಗ ಅವಳು ಎದ್ದು ಒರಳಿನಲ್ಲಿ ಏನನ್ನಾದರೂ ಕುಟ್ಟುತ್ತಿದ್ದಳು. ಎಷ್ಟೋ ಸಲ ಒರಳು ಖಾಲಿ ಇರುತ್ತಿತ್ತು.

ಪಲ್ವಶಾ ಅಂಗಳ ಗುಡಿಸುವಷ್ಟು ದೊಡ್ಡವಳಾದ ಮೇಲೆ ನಮ್ಮ ಓಣಿಯಲ್ಲೊಂದು ಮದುವೆ. ಗಂಡಿನ ಕಡೆಯಿಂದ, ದೂರದೂರಿಂದ ಬಂದಿದ್ದ ಹುಡುಗಿಯರು ಮಣ್ಣಿನ ಕೊಡ ಬಡಿಯುತ್ತ ಹಾಡುತ್ತಿದ್ದರು. ಹಾಡಿಗೆ ಹಾಡು ಸೇರಿ ಕೊನೆಗೆ ಅದೂ ಬಂತು, ಕುಣಿತದ ಧಾಟಿಯಲ್ಲಿ. ಅವರಿಗೆ ಜಹಾನ್‌ದಾದ್ ಯಾರೋ, ಸಾಹಿಬ್‌ಜರ್ ಯಾರೋ. ಬಸ್ಮೀನಾ ನನ್ನ ಪಕ್ಕದಲ್ಲಿ ಕೂತಿದ್ದಳು. ಮೊದಲ ಸಾಲು ಅವರೊಡನೆಯೇ ಹಾಡಿದಳು. ಎರಡನೆಯ ಸಾಲಿಗೆ ಅವಳ ದನಿ ಬೇರೆ ದಾರಿ ಹಿಡಿಯಿತು:

ಕಾಲುವೆ ನೀರು ಕೆಂಪಾಯಿತು,
ಇದರಲ್ಲಿ ಹೇಗಮ್ಮಾ ಹಿಟ್ಟು ಕಲಸಲಿ?

ಕೊಡ ಬಡಿಯುತ್ತಿದ್ದ ಹುಡುಗಿ ಕೈ ನಿಲ್ಲಿಸಿ, "ಅತ್ತೇ, ಅದು ಹಂಗಲ್ಲ, ನೀವು ತಪ್ಪು ಹೇಳ್ತಿದೀರ. ಜೇಡ ಬರ್ಬೇಕು ಅಲ್ಲಿ. ಕ್ಯಾಸೆಟ್ ಕೇಳಿಲ್ವಾ?" ಎಂದಳು. ಉಳಿದವರು ಕಿಸಕ್ಕೆಂದರು. ಇನ್ನೊಬ್ಬಳು, ವಯಸ್ಸಾದವರು ಪಾಪ, ನೆನಪಿರಲ್ಲ ಎಂದು ಸಮಾಧಾನ ಹೇಳಿದಳು.

ನಾನು ಹೇಳಿಬಿಡುವವಳಿದ್ದೆ. ಬಸ್ಮೀನಾ ನನ್ನ ಮೊಣಕಾಲು ಅದುಮಿದಳು. "ಇರಬೌದು ಕಣಮ್ಮ. ನಮ್ಮ ಕಡೆ ಹಿಂಗೇ ಹೇಳ್ತಾರೆ" ಎಂದಳು. ಮತ್ತೆ ಅದನ್ನೇ ಹಾಡಿದಳು.

ಆ ದಿನದಿಂದ ಅವಳ ಗಂಟಲು ತೆರೆಯಿತು. ಗಿರಣಿಯಲ್ಲಿ, ಬುಗ್ಗೆಯ ಹತ್ತಿರ, ಸಾವಿನ ಮನೆಯಲ್ಲಿ, ಎಲ್ಲ ಕಡೆಯೂ ಅವಳು ಹಿಟ್ಟಿನ ಸಾಲನ್ನೇ ಹಾಡಿದಳು. ಕೆಲವರು ತಿದ್ದಿದರು, ಕೆಲವರು ಕಲಿತರು. ಹಿಟ್ಟು ಕಲಸದ ಹೆಂಗಸು ಎಲ್ಲಿದ್ದಾಳೆ? ಹೆಣ್ಣು ಕೊಟ್ಟು ತರುವ ನೆಂಟಸ್ತಿಕೆಯ ದಾರಿಯಲ್ಲಿ ಅದು ಕೂಜ್‌ಕಲೇಗೂ ಇಳಿಯಿತು. ಆದರೆ ಹುಜ್ರಾಕ್ಕೆ ಏರಲಿಲ್ಲ. ನನ್ನ ಮೈದುನ ಒಮ್ಮೆ ಆ ಕ್ಯಾಸೆಟ್ಟಿನ ಹಾಡುಗಾರನಿಗೆ ಹೊಸ ಸಾಲು ಹೇಳಿ ನೋಡಿದ. ಚೆನ್ನಾಗಿದೆ, ಆದರೆ ರಕ್ತ ಬಿಸಿಯಾಗುವುದಿಲ್ಲವಲ್ಲ ಎಂದನಂತೆ ಅವನು.

ಅಷ್ಟರಲ್ಲಿ ಹಿರಿಯರಿಗೂ ಬೇಸರ ಬಂದಿತ್ತು. ಎರಡೂರಿನ ನಡುವೆ ಕಾಲುವೆಯ ಹೂಳೆತ್ತಲು ಕೂಡ ಗಂಡಸರು ಸೇರುವಂತಿರಲಿಲ್ಲ, ಹೊಲಗಳು ಒಣಗುತ್ತಿದ್ದವು. ಜಿರ್ಗಾ ಕೂತಿತು. ಎರಡು ಕಡೆಯೂ ಒಂದೊಂದು ಹೆಣ ಬಿದ್ದಿದೆ, ಆದರೆ ಸಾಹಿಬ್‌ಜರ್ ಏನೂ ಮಾಡದವನು, ಆದ್ದರಿಂದ ಮೇಲಿನವರ ಪಾಲು ಹೆಚ್ಚು ಎಂದು ತೂಗಿದರು. ಅಜ್ಮೀರ್ ತನ್ನ ಮಗಳನ್ನು ಆ ಮನೆಗೆ ಕೊಡಲಿ ಎಂದರು. ಇದಕ್ಕೆ ಸ್ವರಾ ಎನ್ನುತ್ತಾರೆ. ಹಗೆಯ ಮನೆಗೆ ಶಾಂತಿಯ ಹೆಸರಲ್ಲಿ ಹೋದ ಹುಡುಗಿಗೆ ಮದರಂಗಿಯಿಲ್ಲ, ವಾಲಗವಿಲ್ಲ. ಆ ಮನೆಯಲ್ಲಿ ಸತ್ತವನ ನೆನಪಾದಾಗಲೆಲ್ಲ ಏಟು ಬೀಳುವುದು ಅವಳ ಬೆನ್ನಿಗೆ. ಪಲ್ವಶಾ ಆಗಿನ್ನೂ ಹಲ್ಲು ಬಿದ್ದು ಹೊಸ ಹಲ್ಲು ಬರುತ್ತಿದ್ದ ಮಗು.

ಅಜ್ಮೀರ್ ಯಂತ್ರದ ಮುಂದೆ ಕೂತು ಕೇಳಿಸಿಕೊಂಡ. ಹಿರಿಯರ ಮಾತು ಎಂದ. ಕಾಲು ತುಳಿಯುತ್ತಲೇ ಇದ್ದ, ಸೂಜಿಯ ಕೆಳಗೆ ಬಟ್ಟೆ ಇರಲಿಲ್ಲ.

ಮರುದಿನ ಬೆಳಿಗ್ಗೆ ಬಸ್ಮೀನಾ ಕುರಾನನ್ನು ಬಟ್ಟೆಯಲ್ಲಿ ಸುತ್ತಿ ತಲೆಯ ಮೇಲಿಟ್ಟುಕೊಂಡಳು. ಎಲ್ಲಿಗೆ ಎಂದೆ. ಕೆಳಗೆ ಎಂದಳು. ಹಗೆ ಎಷ್ಟೇ ಇರಲಿ, ಹೀಗೆ ಬಂದ ಹೆಂಗಸನ್ನು ನಮ್ಮಲ್ಲಿ ಯಾರೂ ಬಾಗಿಲಿಂದ ಹಿಂದಕ್ಕೆ ಅಟ್ಟುವುದಿಲ್ಲ. ಆದರೂ ಅವಳೊಬ್ಬಳನ್ನೇ ಕಳಿಸಲು ಮನಸ್ಸು ಬರಲಿಲ್ಲ. ಚಾದರ ಹೊದ್ದು ನಾನೂ ಹೊರಟೆ. ಕಾಲುವೆಯ ಏರಿ ಹಿಡಿದು ಇಬ್ಬರೂ ಇಳಿದೆವು.

ಸಾಹಿಬ್‌ಜರನ ತಾಯಿ ಮಾಹ್‌ರೋ ಅಂಗಳದ ಬಿಸಿಲಿನಲ್ಲಿ ಮಂಚದ ಮೇಲೆ ಕೂತು ಸೊಪ್ಪು ಸೋಸುತ್ತಿದ್ದಳು. ಚಿಕ್ಕ ಮೈ, ಊದಿದ ಪಾದ. ನಮ್ಮನ್ನು ಕಂಡು ಏಳಲಿಲ್ಲ, ಕೂರಿ ಎನ್ನಲೂ ಇಲ್ಲ. ಬಸ್ಮೀನಾ ಅವಳ ಕಾಲ ಬಳಿ ನೆಲದ ಮೇಲೆ ಕೂತಳು. ಹುಡುಗಿಯನ್ನು ಬಿಟ್ಟುಬಿಡಿ ಎಂದು ಬೇಡುವ ಮಾತನ್ನು ಹೇಗೆ ಶುರುಮಾಡಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದಳೇನೋ. ಶುರು ಮಾಡಿದ್ದು ಮಾತ್ರ ಬೇರೆಯೇ.

"ಜೇಡದ ಹಾಡು ಕಟ್ಟಿದ್ದು ನಾನು" ಎಂದಳು.

ಮಾಹ್‌ರೋ ಕೈಯ ಸೊಪ್ಪು ಕೆಳಗಿಟ್ಟಳು. 

"ಅದನ್ನ ಈ ಮನೇಲೂ ಹಾಡಿದಾರೆ, ಗೊತ್ತಾ? ನನ್ನ ತಂಗಿ ಮಗಳು ಹಾಡ್ತಿದ್ಲು. ನಾನು ಬಾಯಿಗೆ ಹೊಡೆದೆ. ಯಾಕೆ ಹೊಡೆದೆ ಅಂತ ಅವಳಿಗೆ ಇವತ್ತಿಗೂ ಗೊತ್ತಿಲ್ಲ."

"ನನ್ನ ಬಾಯಿಗೆ ಹೊಡೀಬೇಕಿತ್ತು."

"ಹೊಡೆದ್ರೆ ಏನು ಬರ್ತದೆ?" ಎಂದಳು ಮಾಹ್‌ರೋ. ಸೊಪ್ಪಿನ ಕಡ್ಡಿಯೊಂದನ್ನು ಮುರಿದಳು. "ಹಿಟ್ಟಿನ ಹಾಡೂ ನಿನ್ನದೇನಾ?"

ಬಸ್ಮೀನಾ ಹೌದೆಂದು ತಲೆಯಾಡಿಸಿದಳು.

ಮಾಹ್‌ರೋ ಆಮೇಲೆ ನಿಧಾನವಾಗಿ ಹೇಳಿದ್ದಿಷ್ಟು. ಹುಡುಗಿ ತನಗೆ ಬೇಡ. ಗಂಡಸರು ತೂಗಿದ್ದಾರೆ, ತೂಗಲಿ. ಆ ಮಗುವನ್ನು ದಿನಾ ಕಣ್ಣೆದುರು ಇಟ್ಟುಕೊಂಡರೆ ತಾನು ಎಂಥವಳಾಗುತ್ತೇನೆಂದು ತನಗೇ ಹೆದರಿಕೆ. ಆದರೆ ಒಂದು ಬಾಕಿಯಿದೆ. ಜಹಾನ್‌ದಾದನಿಗೆ ಹಾಡು ಸಿಕ್ಕಿತು, ಊರೂರು ತಿರುಗಿತು. ತನ್ನ ಮಗ ಯಾರನ್ನೂ ಕೊಂದವನಲ್ಲ, ಕೊಲ್ಲುತ್ತ ಸತ್ತವನಲ್ಲ, ಬಸ್ಸಿಂದ ಇಳಿದವನು. ಅಂಥವನಿಗೆ ಯಾರೂ ಹಾಡು ಕಟ್ಟುವುದಿಲ್ಲ.

"ನೀನು ಕಟ್ಟು" ಎಂದಳು. "ನಿನ್ನ ತಮ್ಮ ಕೊಂದ. ನೀನು ಕಟ್ಟು."

ಬಸ್ಮೀನಾ, ಅವನು ಹೇಗಿದ್ದ ಹೇಳಿ ಎಂದಳು. ಮಾಹ್‌ರೋ ಹೇಳುತ್ತ ಹೋದಳು. ಹುಡುಗ ಎಡಚ. ಪಾರಿವಾಳ ಸಾಕಿದ್ದ. ಮಜ್ಜಿಗೆಗೆ ಸಕ್ಕರೆ ಹಾಕಿಕೊಂಡು ಕುಡಿದು ಅಣ್ಣನಿಂದ ಬೈಸಿಕೊಳ್ಳುತ್ತಿದ್ದ. ಟ್ರಂಕಿನಲ್ಲಿ ಅವಳ ಕಾಲುನೋವಿಗೆಂದು ಉಣ್ಣೆಯ ಕಾಲುಚೀಲ ತಂದಿದ್ದ. ಅವನ್ನು ಅವಳು ಇದುವರೆಗೆ ತೊಟ್ಟಿಲ್ಲ. ನೆರಳು ಗೋಡೆಯಿಂದ ಅಂಗಳದ ನಡುವಿಗೆ ಬಂತು. ಆ ಮನೆಯ ಸೊಸೆ ನಮ್ಮ ಮುಂದೆ ಹಸಿರು ಚಹ ಇಟ್ಟಳು, ಆರಿ ತಣ್ಣಗಾಯಿತು. ಕೊನೆಗೆ ಬಸ್ಮೀನಾ ಬಹಳ ಮೆಲ್ಲಗೆ, ಹಾಡುವುದಕ್ಕಿಂತ ಹೇಳಿದಂತೆ ಅಂದಳು:

ಕರಾಚಿಯಿಂದ ಮಗ ಬಂದ,
ಊರು ಕಂಡ, ಅಮ್ಮನ ಮುಖ ಕಾಣಲಿಲ್ಲ.

ಮಾಹ್‌ರೋ ಕಣ್ಣು ಮುಚ್ಚಿ ಕೇಳಿದಳು. "ಅಮ್ಮ ಅಂತಿರ್ಲಿಲ್ಲ ಅವ್ನು. ಅಬೈ ಅಂತಿದ್ದ" ಎಂದಳು.

ಬಸ್ಮೀನಾ ತಿದ್ದಿ ಹಾಡಿದಳು. ಊರು ಕಂಡ, ಅಬೈಯ ಮುಖ ಕಾಣಲಿಲ್ಲ. ಮಾಹ್‌ರೋ ಅದನ್ನು ಬಾಯಲ್ಲಿ ಹಿಡಿಯಲು ನೋಡಿದಳು. ಎರಡನೆಯ ಸಾಲಿನ ನಡುವೆ ದನಿ ಒಡೆಯಿತು. ಮಗ ಸತ್ತ ದಿನವೂ ಅವಳು ಹಾಡಿ ಅತ್ತಿರಲಿಲ್ಲವಂತೆ. ಅವತ್ತು ಅತ್ತಳು. ಒಳಗಿದ್ದ ಹೆಂಗಸರೆಲ್ಲ ಬಂದು ಸುತ್ತ ಕೂತರು. ಮಣ್ಣಾಗಿ ಅಷ್ಟು ವರ್ಷವಾದ ಹುಡುಗನಿಗೆ ನಾವೆಲ್ಲ ಸೇರಿ ಆ ಮಧ್ಯಾಹ್ನ ಅತ್ತೆವು, ಕೊಂದವನ ಅಕ್ಕನೂ ಸೇರಿ.

ಸಂಧಾನ ಸುಲಭವಾಗಿ ಆಗಲಿಲ್ಲ. ಕೆಳಗಿನ ಗಂಡಸರು, ಮುಖ್ಯವಾಗಿ ಮಾಹ್‌ರೋಳ ಮೈದುನ, ಹುಡುಗಿಯನ್ನು ಬಿಟ್ಟರೆ ನಮ್ಮ ಮಾನವೇನು ಎಂದು ಹಾರಾಡಿದರು. ಮಾಹ್‌ರೋ ಊದಿದ ಕಾಲೆಳೆದುಕೊಂಡು ಹುಜ್ರಾದ ಬಾಗಿಲಿಗೆ ಹೋಗಿ, ತಲೆಯ ಚಾದರ ತೆಗೆದು ಹೊಸ್ತಿಲ ಮೇಲೆ ಹಾಸಿದಳಂತೆ. ಮಗ ನನ್ನವನು, ಕ್ಷಮೆಯೂ ನನ್ನದು, ಇದನ್ನು ತುಳಿದು ದಾಟುವವರು ದಾಟಿ ಎಂದಳಂತೆ. ಯಾರೂ ದಾಟಲಿಲ್ಲ. ಹುಡುಗಿಯ ಬದಲು ಕಾಲುವೆಯ ತಲೆಯ ಹತ್ತಿರದ ಒಂದು ಹೊಲವನ್ನು ನಮ್ಮವರು ಬಿಟ್ಟುಕೊಟ್ಟರು. ಔತಣಕ್ಕೆಂದು ಹೋತಗಳನ್ನು ಹೊಡೆದುಕೊಂಡು ಹೋದರು, ಎರಡೂರಿನವರು ಒಂದೇ ಹಾಸಿನ ಮೇಲೆ ಕೂತು ಉಂಡರು. ನೀರಿನ ಸರದಿಯನ್ನು ಮಸೀದಿಯಲ್ಲಿ ಎಲ್ಲರೆದುರು ಗೊತ್ತುಮಾಡಿದರು. ಗುಲ್‌ರೋಜ್ ಮಾತ್ರ ಊರಿಗೆ ಮರಳಲೇ ಇಲ್ಲ. ಕರಾಚಿಯಲ್ಲೇ ಯಾವುದೋ ಬೇರೆ ಹೆಸರಿನಲ್ಲಿ ಇದ್ದಾನೆ ಎನ್ನುತ್ತಾರೆ.

ಜಿರ್ಗಾದಲ್ಲಿ ಕೂತ ಗಂಡಸರೇ ಶಾಂತಿ ಮಾಡಿದರು ಎಂದು ಎಲ್ಲರೂ ಹೇಳುತ್ತಾರೆ. ಜೇಡದ ಹಾಡೂ ಸಾಯಲಿಲ್ಲ. ಇವತ್ತಿಗೂ ಯಾವುದಾದರೂ ಮದುವೆಯಲ್ಲಿ ಕೇಳಿಬರುತ್ತದೆ. ಸಾಹಿಬ್‌ಜರನ ಹಾಡು ಎರಡೂರು ಬಿಟ್ಟು ಆಚೆ ಹೋಗಿಲ್ಲ. ಮಾಹ್‌ರೋ ಬಸ್ಮೀನಾಳ ಮನೆಯಲ್ಲಿ ಒಂದು ತುತ್ತೂ ತಿಂದವಳಲ್ಲ, ಬಸ್ಮೀನಾ ಒತ್ತಾಯಿಸಿದವಳೂ ಅಲ್ಲ. ಬುಗ್ಗೆಯ ಹತ್ತಿರ ಎದುರಾದರೆ ಸಲಾಂ ಹೇಳುತ್ತಿದ್ದರು, ಕಾಲು ಹೇಗಿದೆ ಎಂದು ಇವಳು ಕೇಳುತ್ತಿದ್ದಳು, ಹಾಗೇ ಇದೆ ಎಂದು ಅವಳು ಹೇಳುತ್ತಿದ್ದಳು. ಅಷ್ಟೇ.

ಅಜ್ಮೀರ್ ಮೊದಲ ಸಲ ಹೊರಗೆ ಬಂದ ದಿನ ಬೆಳಕಿಗೆ ಕಣ್ಣು ಬಿಡಲಾರದೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಬಜಾರಿನ ಅಂಗಡಿಯನ್ನು ಅವನು ಮತ್ತೆ ತೆರೆಯಲಿಲ್ಲ. ಸೇತುವೆಯ ದಾರಿಯನ್ನು ಬಿಟ್ಟು ಸುತ್ತುಬಳಸಿ ಹೋಗುತ್ತಾನೆ. ಮಾತು ಕಡಿಮೆ. ಕ್ಷಮಿಸಿದವರು ಕ್ಷಮಿಸಿದರು, ಅವನು ತನ್ನನ್ನು ಕ್ಷಮಿಸಿಕೊಂಡಂತೆ ನನಗೆ ಕಾಣುವುದಿಲ್ಲ.

ಅವನು ಹೊರಗೆ ಓಡಾಡಲು ತೊಡಗಿದ ಹೊಸತರಲ್ಲಿ ಒಂದು ದಿನ ಬಸ್ಮೀನಾ ಅವನನ್ನು ಈರುಳ್ಳಿ ತರಲು ಬಜಾರಿಗೆ ಕಳಿಸಿದಳು. ಅವನು ಹೋಗಿ ಬರುವಷ್ಟು ಹೊತ್ತೂ ನನ್ನೊಡನೆ ಕೂತು ಜೋಳ ಸುಲಿದಳು, ಪಲ್ವಶಾಳ ಓದಿನ ಸುದ್ದಿ ಹೇಳಿದಳು, ಬಾಗಿಲ ಕಡೆ ತಿರುಗಿ ನೋಡಲಿಲ್ಲ. ಅವನು ಬಂದು ಗಂಟು ಬಿಚ್ಚಿದ. ಅರ್ಧಕ್ಕರ್ಧ ಕೊಳೆತಿದ್ದವು.

"ಏನೋ ಇದು, ಕಣ್ಣು ಎಲ್ಲಿಟ್ಕೊಂಡು ತಗೊಂಡೆ?" ಎಂದು ಇಡೀ ಓಣಿಗೆ ಕೇಳುವಂತೆ ಬೈದಳು. ಅವನು ಬಾಗಿಲಲ್ಲಿ, ಬಿಸಿಲಿನಲ್ಲಿ ನಿಂತು ಬೈಸಿಕೊಂಡ. ಆಮೇಲೆ ಇನ್ನೊಮ್ಮೆ ಬಜಾರಿಗೆ ಹೊರಟ.